ಒಂದೇ ಗೆರೆ

ಮಂಡ್ಯದ ಆಸ್ಪತ್ರೆಯ ಹಿಂಬದಿ, ಎಕ್ಸ್‌ರೇ ಕೋಣೆಗೂ
ಸೈಕಲ್ ಸ್ಟ್ಯಾಂಡಿಗೂ ನಡುವೆ ನನ್ನ ಮೇಜು.
ಮೇಜಿನ ಮೇಲೆ ಹದಿನಾಲ್ಕು ಪುಟದ ಒಪ್ಪಿಗೆ ಪತ್ರ,
ಮಸಿ ಪ್ಯಾಡು, ಬೆರಳೊರೆಸಲು ಹಳೇ ಬನೀನಿನ ತುಂಡು.
ನಾನು ಔಷಧಿ ಕೊಡುವವಳಲ್ಲ.
ಕೇಳುವವಳು, ಬರೆದುಕೊಳ್ಳುವವಳು.

ಅನ್ನನಾಳದ ಕ್ಯಾನ್ಸರಿಗೆ ಎರಡು ದಾರಿ.
ಯಾವುದು ಮೇಲೆಂದು ಯಾರಿಗೂ ಗೊತ್ತಿಲ್ಲ,
ಗೊತ್ತಿಲ್ಲವೆಂಬುದನ್ನೇ ಹದಿನಾಲ್ಕು ಪುಟವೂ ಹೇಳುತ್ತದೆ.
ಮೈಸೂರಿನಲ್ಲಿ ಯಾರೋ ಕೂತು ಕನ್ನಡಿಸಿದ್ದಾರೆ:
'ಯಾದೃಚ್ಛಿಕ ಹಂಚಿಕೆ'.
ನನ್ನ ನಾಲಿಗೆಯೇ ತೊಡರುತ್ತದೆ.

ಜವರಯ್ಯ ಕೇಳಿಸಿಕೊಂಡು ಅಂದರು:
"ನಾಲೆ ನೀರ ಸರ್ತಿ ಮೇಲೆ ಬುಟ್ಟಂಗೆ ಅನ್ನು."
ಅಲ್ಲ, ಅಂದೆ. ಅಲ್ಲಿ ನೀರುಗಂಟಿ ಇರುತ್ತಾನೆ,
ಮುಖ ನೋಡಿ ತೂಬು ಎತ್ತುತ್ತಾನೆ.
ಇಲ್ಲಿರುವುದು ಅಂಟಿಸಿದ ಲಕೋಟೆ, ಅದಕ್ಕೆ ಕಣ್ಣಿಲ್ಲ.
"ನೀರುಗಂಟಿ ಇಲ್ದ ನಾಲೆ!" ನಕ್ಕರು, ಕೆಮ್ಮಿದರು,
"ಹಂಗಾರೆ ಮೋಸ ಇಲ್ಲ ಬುಡು" ಎಂದು
ಎಡಗೈ ಹೆಬ್ಬೆಟ್ಟು ಚಾಚಿದರು.
ಮೂವತ್ತು ವರ್ಷ ಆಲೆಮನೆಯಲ್ಲಿ
ಕುದಿಯುವ ಕೊಪ್ಪರಿಗೆಯ ಪಾಕ ಹಿಡಿದು ನೋಡಿದ ಬೆರಳು;
ಗೆರೆಗಳೇ ಉಳಿದಿರಲಿಲ್ಲ. ಮೂರು ಸಲ ಒತ್ತಿದರೂ
ಕಾಗದದ ಮೇಲೆ ಬಿದ್ದದ್ದು
ಒಂದು ನುಣುಪಾದ ನೀಲಿ ಮಚ್ಚೆ.

ಆಮೇಲೆ ಅವರು ನಲವತ್ತೊಂದು.
ಹೆಸರು ಬೀರುವಿನಲ್ಲಿ, ಬೀಗದ ಕೈ ನನ್ನ ಸೆರಗಿನಲ್ಲಿ.

ನುಂಗಲಾರದ್ದಕ್ಕೆ ನಮ್ಮಲ್ಲೊಂದು ಅಳತೆಯಿದೆ,
ಸೊನ್ನೆಯಿಂದ ನಾಲ್ಕರವರೆಗೆ.
ಎಷ್ಟು ಎಂದರೆ ಅವರದು ಬೇರೆ ಲೆಕ್ಕ:
"ಗೌರಿ ಹಬ್ಬಕ್ಕೆ ಮುದ್ದೆ ನಿಂತ್ಕತು ಕನವ್ವ.
ಮುದ್ದೆಯ ಅಗಿಯಂಗಿಲ್ಲ, ನುಂಗ್ಬೇಕು,
ಅಗ್ದೋನು ಹೊರಗ್ಲೋನು ಅನ್ನೋನು ನಮ್ಮಪ್ಪ.
ಮಾರ್ನಮಿಗೆ ಅನ್ನ.
ದೀವಳ್ಗೆಗೆ ಇಡ್ಲಿ, ಕಾಪೀಲಿ ಅದ್ದುದ್ರೂವೆ.
ಈಗ ಅಂಬ್ಲಿ ಒಂದದೆ,
ಅದೂ ಎದೇಲಿ ಕುಂತ್ಕಂಡು ಯೋಚ್ನೆ ಮಾಡ್ತದೆ."

ಮೂರು, ಎಂದು ಬರೆದೆ.
ಉಳಿದದ್ದಕ್ಕೆ ಚೌಕವಿರಲಿಲ್ಲ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚಿಕೊಂಡಿದ್ದೆ,
ತಪಾಸಣೆಯವರು ಬರುವ ಮುನ್ನ ರಬ್ಬರಿನಿಂದ ಉಜ್ಜಿದೆ.
ಯಾರಿಗೂ ಹೇಳಿಲ್ಲ ಇದನ್ನು.

ಒಂಬತ್ತನೇ ವಾರ ಅವರು ಬರಲಿಲ್ಲ.
ಮೂರು ಫೋನು, ಒಂದು ಕಾಗದ, ಆಮೇಲೆ ಮನೆಗೆ: ನಿಯಮ ಹಾಗಿದೆ.
ಪಾಂಡವಪುರದವರೆಗೆ ಬಸ್ಸು, ಅಲ್ಲಿಂದ ಆಟೋ.
ದಾರಿಯುದ್ದ ಕಬ್ಬಿನ ಸಿಪ್ಪೆಯ ಹೊಗೆ,
ಗಂಟಲೊಳಗೇ ಕರಗುವ ಬೆಲ್ಲದ ವಾಸನೆ.

ಬಾಗಿಲಲ್ಲಿ ಚಿಕ್ಕತಾಯಮ್ಮ. ಅಳಲಿಲ್ಲ.
ಗೂಡಿನಿಂದ ನಾವು ಕೊಟ್ಟ ದಿನಚರಿ ತೆಗೆದುಕೊಟ್ಟರು.
"ಬರೀತಾನೇ ಇವ್ನಿ ಕನವ್ವ,
ನಿಲ್ಸು ಅಂತ ಯಾರೂ ಹೇಳ್ನಿಲ್ವಲ್ಲ."

ನಾಲ್ಕನೇ ಕ್ಲಾಸಿನ ದುಂಡು ಅಕ್ಷರ:
ಸೋಮವಾರ, ಎಳನೀರು ಅರ್ಧ ಲೋಟ.
ಮಂಗಳವಾರ, ನೀರು ಮೂರು ಚಮಚ.
ಬುಧವಾರ, ಇಲ್ಲ.
ಗುರುವಾರ, ಒಲೆ ಹಚ್ಚಲಿಲ್ಲ.
ಶುಕ್ರವಾರ, ಪಕ್ಕದ ಮನೆಯ ಅನ್ನ, ಎರಡು ತುತ್ತು.
ಶನಿವಾರ, ಮುದ್ದೆ ಒಂದು. ಇಳಿಯಲಿಲ್ಲ.
ಭಾನುವಾರ, ಅರ್ಧ. ಇಳಿಯಲಿಲ್ಲ.
ಹನ್ನೊಂದರ ದಿನ, ಎಡೆಗೆ ಬಸ್ಸಾರು. ಉಪ್ಪು ಮರೆತೆ.
ಹೀಗೇ ಹೋಗಿ ಹೋಗಿ, ನೆನ್ನೆಯ ತಾರೀಖು:
ಮುದ್ದೆ ಒಂದು, ಉಪ್ಪೆಸರು. ಇಳೀತು.

ಮೇಜಿಗೆ ಮರಳಿ ಕೂತಿದ್ದೇನೆ.
ಬುಧವಾರದ ತಾರೀಖು ಒಂದು ಚೌಕಕ್ಕೆ ಹೋಯಿತು,
ಮೈಸೂರಿನಲ್ಲಿ ಯಾವುದೋ ಗ್ರಾಫಿನ ಗೆರೆ
ಒಂದು ಮೆಟ್ಟಿಲು ಇಳಿಯುತ್ತದೆ.
ಯಾವ ದಾರಿ ಮೇಲೆಂದು ಇನ್ನೂ ಗೊತ್ತಿಲ್ಲ.
ಬುಧವಾರದ ನಂತರದ್ದು ದತ್ತಾಂಶವಲ್ಲ.

ತಿದ್ದುವುದಕ್ಕೂ ನಿಯಮವಿದೆ:
ಅಳಿಸಬಾರದು, ಬಿಳಿ ಬಳಿಯಬಾರದು,
ಒಂದೇ ಗೆರೆ ಎಳೆಯಬೇಕು,
ಅಡಿಯ ಅಕ್ಷರ ಓದುವಂತಿರಬೇಕು.
ಸ್ಕೇಲು ಇಟ್ಟು ಎಳೆಯುತ್ತ ಬಂದೆ, ಇಪ್ಪತ್ತಾರು ಸಾಲು.
ಕಾರಣ: ರೋಗಿಯದಲ್ಲ.
ಸಹಿ. ತಾರೀಖು.
ಕೊನೆಯ ಸಾಲಿನಲ್ಲಿ ಕೈ ತುಸು ಅಲುಗಿತು, ಗೆರೆ ಕೆಳಗೆ ಜಾರಿತು.
'ಇಳೀತು' ಹಾಗೇ ಉಳಿದಿದೆ.